ಒಂದು ಫ್ಲ್ಯಾಂಜ್‌ಗೆ ಎಷ್ಟು ಕಾರ್ಬನ್? ಸಣ್ಣ ಮೆಷಿನ್ ಶಾಪ್‌ನವರು ಲೆಕ್ಕ ಹಾಕುವ ಬಗೆ

ಗಿರಾಕಿಯಿಂದ ಆ ಎಕ್ಸೆಲ್ ಶೀಟ್ ಮೊದಲ ಸಲ ಬಂದಾಗ ನಾನು ಓದದೇ ಅಕೌಂಟ್ಸ್ ನೋಡಿಕೊಳ್ಳುವವರಿಗೆ ಫಾರ್ವರ್ಡ್ ಮಾಡಿದ್ದೆ. ಮಧ್ಯಾಹ್ನ ಅವರು ಪ್ರಿಂಟ್ ಹಿಡಿದುಕೊಂಡು ಬಂದರು. "ಸಾರ್, ಇದು ಜಿಎಸ್‌ಟಿ ಅಲ್ಲ. ಒಂದು ಪೀಸಿಗೆ ಎಷ್ಟು ಕಾರ್ಬನ್ ಅಂತ ಕೇಳಿದ್ದಾರೆ. ಎಲ್ಲಿಂದ ತರಲಿ?" ಉಕ್ಕಿನೊಳಗಿನ ಕಾರ್ಬನ್ ಅಲ್ಲ, ಆ ಪೀಸ್ ಮಾಡುವಷ್ಟರಲ್ಲಿ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್.

ಪೀಣ್ಯದಂಥ ಕಡೆ ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್), ಬಾರ್ ಕತ್ತರಿಸುವ ಒಂದು ಬ್ಯಾಂಡ್‌ಸಾ, ಗಾಳಿ ಒತ್ತುವ ಒಂದು ಕಂಪ್ರೆಸರ್ ಇಟ್ಟುಕೊಂಡು ಕೆಲಸ ಮಾಡುವ ತುಂಬ ಜನರಿಗೆ ಈಗ ಈ ಪ್ರಶ್ನೆ ಬರುತ್ತಿದೆ. ಕಾರಣ ಎರಡು. ಯುರೋಪಿನ ಗಡಿ ಕಾರ್ಬನ್ ತೆರಿಗೆ, ಅಂದರೆ ಸಿಬಿಎಎಮ್, ಒಂದು. 2023ರ ಅಕ್ಟೋಬರ್‌ನಿಂದ ಅದಕ್ಕೆ ಬರೀ ವರದಿ ಕೊಟ್ಟರೆ ಸಾಕಿತ್ತು. 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಲೆಕ್ಕವೂ ಸೇರಿಕೊಂಡಿದೆ. ಇನ್ನೊಂದು ನಮ್ಮದೇ ಷೇರುಪೇಟೆ ನಿಯಂತ್ರಕ ಸೆಬಿ. ಷೇರುಪೇಟೆಯ ಮೊದಲ 1000 ಕಂಪನಿಗಳು ಪರಿಸರದ ವರದಿ ಕೊಡಲೇಬೇಕು. ಅವರು ತಮಗೆ ಬಂದ ಪ್ರಶ್ನೆಯನ್ನು ಕೆಳಗೆ ದಾಟಿಸುತ್ತಾರೆ. ಕೊನೆಗೆ ಅದು ನಮ್ಮ ಟೇಬಲ್ಲಿಗೆ ಬಂದು ಬೀಳುತ್ತದೆ.

ಅವರು ಕೇಳುವುದು ಒಂದು ಮಾಲಿನ ಅದಿರಿನಿಂದ ಗುಜರಿ ತನಕದ ಲೆಕ್ಕ. ಪುಸ್ತಕದ ಭಾಷೆಯಲ್ಲಿ ಜೀವನಚಕ್ರ ವಿಶ್ಲೇಷಣೆ. ಅದಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಮಾನದಂಡಗಳಿವೆ. ಹೆಸರಿಗೆ ಹೆದರಬೇಡಿ. ಏನನ್ನು, ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತೇವೆ ಅಂತ ಬರೆದುಕೊಳ್ಳುವುದು, ಒಳಗೆ ಬಂದದ್ದು ಹೊರಗೆ ಹೋದದ್ದನ್ನು ತೂಗುವುದು, ಅದನ್ನು ಪರಿಣಾಮಕ್ಕೆ ಪರಿವರ್ತಿಸುವುದು, ಬಂದ ಉತ್ತರವನ್ನು ಅನುಮಾನದಿಂದ ನೋಡುವುದು. ನಾಲ್ಕೇ ಕೆಲಸ. ಸಾಫ್ಟ್‌ವೇರ್ ಬೇಕೆಂದರೆ ಓಪನ್‌ಎಲ್‌ಸಿಎ ಬಿಟ್ಟಿ ಸಿಗುತ್ತದೆ. ಆದರೆ ಒಂದು ಪಾರ್ಟ್‌ನ ಲೆಕ್ಕಕ್ಕೆ ಎಕ್ಸೆಲ್ ಶೀಟು, ಒಂದು ತಕ್ಕಡಿ ಸಾಕು.

ನಿಮ್ಮ ಮಾಲು ಯಾವ ಜಾತಿಯದು?

ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಕರೆಂಟ್ ಕುಡಿಯುವ ಮಾಲೋ, ಸುಮ್ನೆ ಕೂತಿರುವ ಮಾಲೋ?

ನೀವು 5 ಎಚ್‌ಪಿ ನೀರಿನ ಪಂಪು ಮಾಡುತ್ತೀರಿ ಅಂದುಕೊಳ್ಳಿ. ಅದು ಗಂಟೆಗೆ ಸುಮಾರು 4.3 ಯೂನಿಟ್ ಎಳೆಯುತ್ತದೆ. ವರ್ಷಕ್ಕೆ 1000 ಗಂಟೆ ಓಡಿದರೆ 10 ವರ್ಷಕ್ಕೆ 43,000 ಯೂನಿಟ್. ಯೂನಿಟ್ಟಿಗೆ 0.73 ಕಿಲೋ ಹಿಡಿದರೆ ಕಾರ್ಬನ್ 30 ಟನ್ ದಾಟುತ್ತದೆ. ಆ ಪಂಪಿನಲ್ಲಿರುವ ಕಬ್ಬಿಣ, ತಾಮ್ರ ಎಲ್ಲ ಸೇರಿಸಿದರೂ ಅವುಗಳ ಕಾರ್ಬನ್ ಕೆಲವು ನೂರು ಕಿಲೋ ಮುಟ್ಟುವುದು ಕಷ್ಟ. ಅಂಥವರು ಪ್ಯಾಕಿಂಗ್ ಡಬ್ಬ ತೆಳ್ಳಗೆ ಮಾಡುವುದಕ್ಕಿಂತ ಮೋಟರ್‌ನ ದಕ್ಷತೆ ಎರಡು ಪರ್ಸೆಂಟ್ ಏರಿಸುವುದು ಎಷ್ಟೋ ಮೇಲು.

ನನ್ನದು ಹಾಗಲ್ಲ. ನನ್ನದು ಉಕ್ಕಿನ ಫ್ಲ್ಯಾಂಜ್, ಅಂದರೆ ಪೈಪು ಜೋಡಿಸುವ ದಪ್ಪ ಬಳೆ. ಪೈಪಿಗೆ ಬೋಲ್ಟ್ ಹಾಕಿ ಕೂರಿಸಿದರೆ ಮುಗಿಯಿತು, ಇಪ್ಪತ್ತು ವರ್ಷ ಅದು ಯಾರಿಗೂ ಏನೂ ಕೇಳುವುದಿಲ್ಲ. ಇಂಥ ಮಾಲಿನ ಭಾರವೆಲ್ಲ ಗಿರಾಕಿಯ ಮನೆ ಸೇರುವ ಮೊದಲೇ ಮುಗಿದಿರುತ್ತದೆ. ಮುಂದಿನದೆಲ್ಲ ಈ ಜಾತಿಯ ಮಾಲು ಮಾಡುವವರಿಗೆ.

ಒಂದು ಪಾರ್ಟ್, ಒಂದು ತಿಂಗಳು

ಇಡೀ ಕಾರ್ಖಾನೆಯನ್ನು ಒಟ್ಟಿಗೆ ಹಿಡಿಯಲು ಹೋದರೆ ಕೈ ಸೋಲುತ್ತದೆ. ಜಾಸ್ತಿ ಓಡುವ ಒಂದು ಪಾರ್ಟ್ ಆರಿಸಿ. ಎಲ್ಲ ಮೆಷಿನ್ನೂ ನಡೆದ, ರಜೆ ಕಮ್ಮಿ ಇದ್ದ ಒಂದು ತಿಂಗಳು ತೆಗೆದುಕೊಳ್ಳಿ. ದಸರಾ ತಿಂಗಳು ಬೇಡ.

ಆ ತಿಂಗಳ ಉಕ್ಕಿನ ಖರೀದಿ ಬಿಲ್, ಬೆಸ್ಕಾಂ ಬಿಲ್, ಡಿಜಿಗೆ (ಜನರೇಟರ್‌ಗೆ) ತಂದ ಡೀಸೆಲ್ ಚೀಟಿ, ಕೂಲಂಟ್ (ಕಡೆಯುವಾಗ ತಂಪಿಗೆ ಸುರಿಯುವ ದ್ರವ) ಮತ್ತು ಎಣ್ಣೆ ಬಿಲ್, ಪ್ಲೇಟಿಂಗಿಗೆ (ಜಿಂಕ್ ಲೇಪಕ್ಕೆ) ಕಳಿಸಿದ ಡೆಲಿವರಿ ಚಲನ್, ಗುಜರಿಯವರು ಕೊಟ್ಟ ತೂಕದ ಚೀಟಿ. ಇಷ್ಟನ್ನೂ ಒಂದು ಫೈಲಿಗೆ ಹಾಕಿ. ಇದರಲ್ಲಿ ಮುಕ್ಕಾಲು ಪಾಲು ನಿಮ್ಮ ಆಡಿಟರ್ ಹತ್ತಿರ ಆಗಲೇ ಇರುತ್ತದೆ.

ನಾನು ಆರಿಸಿದ್ದು 90 ಮಿಲಿಮೀಟರ್ ವ್ಯಾಸದ, ಇಎನ್ 8 ಎಂಬ ದರ್ಜೆಯ ಉಕ್ಕಿನ ಬಾರ್‌ನಿಂದ ಮಾಡುವ ಫ್ಲ್ಯಾಂಜ್. ತಿಂಗಳಿಗೆ 5000. ರೆಡಿಯಾದ ಪೀಸ್ 1.2 ಕಿಲೋ.

ಉಕ್ಕನ್ನು ತೂಗಿ. ಡ್ರಾಯಿಂಗ್ ನಂಬಬೇಡಿ.

ನಾನು ಮೊದಲ ಸಲ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕೈಗೆ ಸುಲಭವಾಗಿ ಸಿಕ್ಕಿದ್ದು ಕರೆಂಟ್ ಬಿಲ್. ಹಾಗಾಗಿ ಕರೆಂಟೇ ದೊಡ್ಡ ವಿಷಯ ಅಂದುಕೊಂಡೆ. ಶೆಡ್ಡಿನ 40 ಟ್ಯೂಬ್‌ಲೈಟನ್ನೂ ಎಲ್‌ಇಡಿ ಮಾಡಿಸಿದೆ. ಸಿಹಿ ಹಂಚಲಿಲ್ಲ, ಅಷ್ಟೇ. ಆಮೇಲೆ ಪೂರ್ತಿ ಲೆಕ್ಕ ಹಾಕಿದಾಗ ಆ ಉಳಿತಾಯ ಒಂದು ಫ್ಲ್ಯಾಂಜ್‌ನ ಒಟ್ಟು ಕಾರ್ಬನ್‌ನಲ್ಲಿ ಕಾಲು ಪರ್ಸೆಂಟ್ ಆಗಿತ್ತು. ಎಲ್‌ಇಡಿ ಹಾಕಬೇಡಿ ಅಂತಲ್ಲ. ಬಿಲ್ ಇಳಿಯುತ್ತದೆ, ಹಾಕಿ. ಆದರೆ ದೊಡ್ಡ ಮೀನು ಅಲ್ಲಿರಲಿಲ್ಲ.

ದೊಡ್ಡ ಮೀನು ಬ್ಯಾಂಡ್‌ಸಾ ಹತ್ತಿರ ಇತ್ತು.

ಡ್ರಾಯಿಂಗ್ ಪ್ರಕಾರ ಫ್ಲ್ಯಾಂಜ್‌ನ ಉದ್ದ 36 ಮಿಲಿಮೀಟರ್. ನಾವು ಕತ್ತರಿಸುತ್ತಿದ್ದದ್ದು 40. ಒಂದು ತುಂಡು ಸರಿಯಾಗಿ 2 ಕಿಲೋ. ಹಾಗಾದರೆ 5000 ಪೀಸಿಗೆ 10 ಟನ್ ಅಂತ ಬರೆದೆ. ಖರೀದಿ ಬಿಲ್ ನೋಡಿದರೆ ಹತ್ತಿರ ಹತ್ತಿರ 10.6 ಟನ್. ಉಳಿದ 600 ಕಿಲೋ ಎಲ್ಲಿ ಹೋಯಿತು? ಒಂದು ಭಾಗ ಬ್ಲೇಡ್ ತಿಂದ ಪುಡಿ. ಬ್ಲೇಡ್ ಪ್ರತಿ ಕಟ್‌ಗೆ ಒಂದೂವರೆ ಮಿಲಿಮೀಟರ್ ತಿನ್ನುತ್ತದೆ, ಅದೇ 375 ಕಿಲೋ. ಇನ್ನೊಂದು ಭಾಗ ಪ್ರತಿ ಬಾರ್‌ನ ಕೊನೆಯಲ್ಲಿ ವೈಸ್‌ಗೆ ಸಿಗದೆ ಉಳಿಯುವ 100 ಮಿಲಿಮೀಟರ್ ತುಂಡು. ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತಲ್ಲ, ಅದು.

ಆದ್ದರಿಂದ ಈ ಹೆಜ್ಜೆಯಲ್ಲಿ ಒಂದೇ ನಿಯಮ. ಖರೀದಿಸಿದ ತೂಕವನ್ನು ಒಳ್ಳೆಯ ಪೀಸಿನ ಸಂಖ್ಯೆಯಿಂದ ಭಾಗಿಸಿ. ನನ್ನದು 2.12 ಕಿಲೋ ಬಂತು. ಗಿರಾಕಿಗೆ ಹೋಗುವುದು 1.2 ಕಿಲೋ. ನೂರು ಕಿಲೋ ಉಕ್ಕು ತಂದರೆ 43 ಕಿಲೋ ಗುಜರಿ ಡ್ರಮ್ಮಿಗೆ.

ಈಗ ಇದನ್ನು ಕಾರ್ಬನ್‌ಗೆ ತಿರುಗಿಸಬೇಕು. ಭಾರತದ ಉಕ್ಕಿನ ಸರಾಸರಿ ಟನ್ನಿಗೆ ಸುಮಾರು 2.5 ಟನ್ ಕಾರ್ಬನ್ ಡೈಆಕ್ಸೈಡ್. ಕಲ್ಲಿದ್ದಲು ಜಾಸ್ತಿ ಬಳಸುವುದರಿಂದ ಜಗತ್ತಿನ ಸರಾಸರಿಗಿಂತ ನಮ್ಮದು ಹೆಚ್ಚು. 2.12 ಗುಣಿಸು 2.5, ಅಂದರೆ 5.3 ಕಿಲೋ. ಮೆಷಿನ್ ಆನ್ ಮಾಡುವ ಮೊದಲೇ ಇಷ್ಟು.

ಸರಾಸರಿಗಿಂತ ನಿಮ್ಮ ಮಿಲ್ಲಿನ ನಿಜವಾದ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು. ಟೆಸ್ಟ್ ಸರ್ಟಿಫಿಕೇಟ್ ತೆಗೆದು ಯಾವ ಮಿಲ್ ಅಂತ ನೋಡಿ, ಡೀಲರ್‌ಗೆ ಒಂದು ಮೇಲ್ ಹಾಕಿ. ಅದಿರಿನಿಂದ ಬ್ಲಾಸ್ಟ್ ಫರ್ನೇಸಲ್ಲಿ ಮಾಡಿದ್ದಾ, ಗುಜರಿ ಕರಗಿಸಿದ್ದಾ ಅಂತ ಕೇಳಿ. ಎರಡಕ್ಕೂ ಅಜಗಜಾಂತರ. ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕು ಅಂದರೇನು ಅಂತ ಗೆರೆ ಎಳೆದಿದೆ. ಟನ್ನಿಗೆ 2.2 ಟನ್‌ಗಿಂತ ಕಮ್ಮಿ ಇದ್ದರೆ ಹಸಿರು, 1.6ಕ್ಕಿಂತ ಕೆಳಗಿದ್ದರೆ ಐದು ಸ್ಟಾರ್. ನನಗೆ 1.8ರ ಉಕ್ಕು ಸಿಕ್ಕಿದರೆ ಒಂದು ಫ್ಲ್ಯಾಂಜ್‌ಗೆ ಒಂದೂವರೆ ಕಿಲೋ ಇಳಿಯುತ್ತದೆ. ನನ್ನ ಶೆಡ್ಡಿನೊಳಗೆ ಎಷ್ಟೇ ಹೆಣಗಾಡಿದರೂ ಅಷ್ಟು ಇಳಿಸುವುದು ಕಷ್ಟ. ಆದರೆ ತಿಂಗಳಿಗೆ 10 ಟನ್ ಕೊಳ್ಳುವವನ ಮಾತು ಮಿಲ್ಲಿನವರು ಎಷ್ಟು ಕೇಳುತ್ತಾರೆ ಅನ್ನುವುದು ನಿಮಗೂ ಗೊತ್ತು. ಅಕ್ಕಪಕ್ಕದ ನಾಲ್ಕೈದು ಶೆಡ್‌ನವರು ಒಬ್ಬನೇ ಡೀಲರ್ ಹತ್ತಿರ ಒಟ್ಟಿಗೆ ಕೇಳಿದರೆ ಸ್ವಲ್ಪ ಕಿವಿ ಕೊಡುತ್ತಾರೆ.

ಒಂದು ಮಿಲಿಮೀಟರ್ ಅಂದರೆ 50 ಗ್ರಾಂ

ನಮ್ಮ ಕೈಯಲ್ಲಿ ಇರುವುದು ತೂಕ. 90 ಮಿಲಿಮೀಟರ್ ಬಾರ್‌ನಲ್ಲಿ ಒಂದು ಮಿಲಿಮೀಟರ್ ಉದ್ದ ಅಂದರೆ 50 ಗ್ರಾಂ. 5000 ಪೀಸಿಗೆ 250 ಕಿಲೋ ಉಕ್ಕು. ಕಾರ್ಬನ್ 625 ಕಿಲೋ. ಇದು ತಲೆಗೆ ಹೊಕ್ಕ ದಿನ ಎದ್ದು ಸೀದಾ ಬ್ಯಾಂಡ್‌ಸಾ ಹತ್ತಿರ ಹೋದೆ. ಅಲ್ಲಿ ಕೆಲಸ ಮಾಡುವವರು ನನಗಿಂತ ಹಿರಿಯರು.

"ಯಾಕಣ್ಣ, 36ಕ್ಕೆ 40 ಕಟ್ ಮಾಡ್ತೀರಾ? 38 ಸಾಕಲ್ವಾ?"

"ಸಾಕು ಸಾರ್. ಆದ್ರೆ ಬ್ಲೇಡ್ ಓಡುತ್ತೆ. ಕಟ್ ಸೊಟ್ಟ ಬಂದ್ರೆ ಸಿಎನ್‌ಸಿ ಹುಡುಗ್ರು ನನ್ನ ಮೇಲೆ ಬರ್ತಾರೆ. ಅದಕ್ಕೆ ಎರಡು ಎಮ್ಮೆಮ್ ಜಾಸ್ತಿ ಇಡ್ತೀನಿ."

ಹೊಸ ಬ್ಲೇಡ್ ಕೇಳಿದರೆ ಬೈಯುತ್ತಿದ್ದದ್ದು ನಾನೇ! ಬ್ಲೇಡ್ ಬದಲಾಯಿಸಿದೆವು, ಸವೆದ ಗೈಡ್ ಬದಲಾಯಿಸಿದೆವು, ಟೆನ್ಷನ್ ಸರಿ ಮಾಡಿದೆವು. ವಾರದಲ್ಲಿ 38ಕ್ಕೆ ಬಂದರು. ತಿಂಗಳಿಗೆ ಅರ್ಧ ಟನ್ ಉಕ್ಕು ಉಳಿಯಿತು. ಎರಡು ಮಿಲಿಮೀಟರ್‌ಗೆ ಒಂದು ಪೀಸಿನ ಕಾರ್ಬನ್ ನಾಲ್ಕು ಪರ್ಸೆಂಟ್ ಇಳಿಯಿತು, ದುಡ್ಡೂ ಉಳಿಯಿತು.

ನೀವೂ ಹೀಗೇ ಹುಡುಕಿ. ಫೇಸಿಂಗ್‌ಗೆ, ಅಂದರೆ ತುದಿ ಸಮ ಮಾಡಲು, ಎಷ್ಟು ಬಿಡುತ್ತೀರಿ? ಮುಗಿದ ವ್ಯಾಸ 82 ಇದ್ದಾಗ 85ರ ಬಾರ್ ಸಿಗುತ್ತಿಲ್ಲ ಅಂತ 90 ಹಾಕುತ್ತಿದ್ದೀರಾ? ಕೊನೆ ತುಂಡಿನಲ್ಲಿ ಯಾವುದಾದರೂ ಚಿಕ್ಕ ವಾಷರ್ ಆಗುತ್ತದಾ?

ಫೋರ್ಜಿಂಗ್ (ಉಕ್ಕನ್ನು ಕಾಯಿಸಿ ಬಡಿದು ಆಕಾರ ಕೊಡುವುದು) ಮಾಡಿಸಿದರೆ ಅರ್ಧ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ನನ್ನ ಫ್ಲ್ಯಾಂಜ್‌ಗೆ ಫೋರ್ಜಿಂಗ್ ಆದರೆ 1.7 ಕಿಲೋ ಉಕ್ಕು ಸಾಕು. ಸುಮಾರು 0.4 ಕಿಲೋ ಉಕ್ಕು, ಅಂದರೆ ಒಂದು ಕಿಲೋ ಕಾರ್ಬನ್ ಉಳಿಯಿತು. ಆದರೆ ಆ 1.7 ಕಿಲೋವನ್ನು ಕೆಂಪಗೆ ಕಾಯಿಸಬೇಕಲ್ಲ? ಇಂಡಕ್ಷನ್ ಹೀಟರಲ್ಲಿ ಕಿಲೋಗೆ ಅರ್ಧ ಯೂನಿಟ್ ಕರೆಂಟ್ ಹಿಡಿದರೂ 0.6 ಕಿಲೋ ಕಾರ್ಬನ್ ಮತ್ತೆ ಸೇರಿತು. ಕೈಗೆ ಉಳಿದದ್ದು 0.4. ಲಾಭ ಇದೆ, ಹೇಳುವಷ್ಟಿಲ್ಲ.

ಕರೆಂಟು, ಡೀಸೆಲ್, ಗಾಳಿ

ಗ್ರಿಡ್ ಕರೆಂಟಿನ ಕಾರ್ಬನ್ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುತ್ತದೆ. ಯೂನಿಟ್ಟಿಗೆ 0.7 ಕಿಲೋ ಆಸುಪಾಸು ಇರುತ್ತದೆ. ನಾನು 0.73 ಹಿಡಿಯುತ್ತೇನೆ. ಡೀಸೆಲ್‌ಗೆ ಲೀಟರಿಗೆ 2.68 ಕಿಲೋ.

ಬಿಲ್ ಬರುವುದು ಇಡೀ ಶೆಡ್ಡಿಗೆ, ನಮಗೆ ಬೇಕಾದದ್ದು ಒಂದು ಪಾರ್ಟ್‌ಗೆ. ಮೆಷಿನ್ ಗಂಟೆಯ ಮೇಲೆ ಹಂಚಿ. ನನ್ನ ನಾಲ್ಕು ಮೆಷಿನ್ ಆ ತಿಂಗಳು ಓಡಿದ್ದು 1500 ಗಂಟೆ. ಫ್ಲ್ಯಾಂಜ್‌ಗೆ ಪೀಸಿಗೆ 6 ನಿಮಿಷ, ಒಟ್ಟು 500 ಗಂಟೆ. ಹಾಗಾಗಿ 12,000 ಯೂನಿಟ್‌ನಲ್ಲಿ ಮೂರನೇ ಒಂದು ಭಾಗ, 4000. ಪೀಸಿಗೆ 0.8 ಯೂನಿಟ್, 0.58 ಕಿಲೋ ಕಾರ್ಬನ್. ಡೀಸೆಲ್ 300 ಲೀಟರ್ ಆಗಿತ್ತು, ಅದರಲ್ಲೂ ಇದೇ ಪಾಲು. ಪೀಸಿಗೆ 0.05 ಕಿಲೋ.

ಬಳ್ಳಾರಿ, ಕೊಪ್ಪಳ ಕಡೆಯಿಂದ ಉಕ್ಕು ಲಾರಿಯಲ್ಲಿ ಬರುವುದಕ್ಕೆ 0.06 ಹಾಕಿಕೊಂಡೆ. ಎಣ್ಣೆ, ಪ್ಯಾಕಿಂಗ್, ಚಿಲ್ಲರೆ ಎಲ್ಲಕ್ಕೂ 0.1. ಒಟ್ಟು 6.1 ಕಿಲೋ. ಅದರಲ್ಲಿ ಉಕ್ಕು ಒಂದೇ 87 ಪರ್ಸೆಂಟ್.

ಕರೆಂಟಿನಲ್ಲಿ ಮೊದಲು ಕೈ ಹಾಕಬೇಕಾದ್ದು ಕಂಪ್ರೆಸರ್‌ಗೆ. ಒಂದು ಭಾನುವಾರ ಎಲ್ಲ ಮೆಷಿನ್ ಆಫ್ ಮಾಡಿ, ಕಂಪ್ರೆಸರ್ ಮಾತ್ರ ಓಡಿಸಿ. ಯಾರೂ ಗಾಳಿ ಬಳಸುತ್ತಿಲ್ಲ, ಆದರೂ ಅದು ಆಗಾಗ ಲೋಡ್ ಆಗುತ್ತಿರುತ್ತದೆ, ಅಂದರೆ ಗಾಳಿ ತುಂಬುತ್ತಿರುತ್ತದೆ. ಮೊಬೈಲಲ್ಲಿ ಟೈಮ್ ನೋಡಿ. ಒಂದು ನಿಮಿಷ ಲೋಡ್, ನಾಲ್ಕು ನಿಮಿಷ ಅನ್‌ಲೋಡ್ ಆದರೆ ಸೋರಿಕೆ 20 ಪರ್ಸೆಂಟ್. 15 ಎಚ್‌ಪಿ ಕಂಪ್ರೆಸರ್ ದಿನಕ್ಕೆ 16 ಗಂಟೆಯಂತೆ 25 ದಿನ ಓಡಿದರೆ ಇಷ್ಟು ಸೋರಿಕೆಗೆ ತಿಂಗಳಿಗೆ 880 ಯೂನಿಟ್ ಹೋಗುತ್ತದೆ. ಸೋಪ್ ನೀರು ಬ್ರಷ್‌ನಲ್ಲಿ ಹಚ್ಚಿಕೊಂಡು ಹೋದರೆ ಗುಳ್ಳೆ ಬರುವ ಕಡೆಯೆಲ್ಲ ಸಿಗುತ್ತದೆ. ಒತ್ತಡವನ್ನು 7 ಬಾರ್‌ನಿಂದ 6ಕ್ಕೆ ಇಳಿಸಿದರೂ ಚಕ್ ಪೀಸನ್ನು ಗಟ್ಟಿಯಾಗಿ ಹಿಡಿಯುತ್ತದಾ ನೋಡಿ. ಹಿಡಿದರೆ ಇನ್ನೊಂದು ಆರೇಳು ಪರ್ಸೆಂಟ್ ಉಳಿತಾಯ. ಮೈಮೇಲಿನ ಧೂಳು ಹೊಡೆದುಕೊಳ್ಳಲು ಏರ್‌ಗನ್ ಬಳಸುವ ಚಾಳಿಯನ್ನಂತೂ ಇವತ್ತೇ ನಿಲ್ಲಿಸಿ. ಅದು ಅಪಾಯ ಕೂಡ.

ಕಾರ್ಬನ್‌ನಲ್ಲಿ ಕಾಣದ ಕೊಳೆ

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾರ್ಬನ್ ಲೆಕ್ಕದಲ್ಲಿ ಕೂಲಂಟ್, ಪ್ಲೇಟಿಂಗ್ ಎರಡೂ ಚಿಲ್ಲರೆಯಂತೆ ಕಾಣುತ್ತವೆ. ಆದರೆ ನಮ್ಮ ಕೆಲಸ ನೆಲಕ್ಕೆ, ನೀರಿಗೆ ವಿಷ ಸೇರಿಸುವುದು ಇವೆರಡರಿಂದಲೇ. ಹಾಗಾಗಿ ಶೀಟಿನಲ್ಲಿ ಇವಕ್ಕೆ ಬೇರೆ ಕಾಲಂ ಇಡಿ. ಲೀಟರಿನಲ್ಲಿ, ಕಿಲೋದಲ್ಲಿ ಬರೆಯಿರಿ. ಕಾರ್ಬನ್ ಜೊತೆ ಕೂಡಿಸಬೇಡಿ.

ಸೋಮವಾರ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕೊಳೆತ ಮೊಟ್ಟೆ ವಾಸನೆ ಬರುತ್ತದೆ ಅಲ್ವಾ? ಅದು ಕೂಲಂಟ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು. ಸ್ಲೈಡ್‌ವೇ ಎಣ್ಣೆ ಸೋರಿ ಕೂಲಂಟ್ ಮೇಲೆ ಪದರ ಕಟ್ಟುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಭಾನುವಾರ ಪಂಪೂ ಓಡುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಆಗ ನಾವು ಮಾಡುವುದೇನು? ಪೂರ್ತಿ 150 ಲೀಟರ್ ತೆಗೆದು ಹೊಸದು ತುಂಬುತ್ತೇವೆ. ಮೂರು ತಿಂಗಳಿಗೊಮ್ಮೆ ನಾಲ್ಕು ಮೆಷಿನ್‌ಗೆ ಹೀಗೆ ಮಾಡಿದರೆ ವರ್ಷಕ್ಕೆ 2400 ಲೀಟರ್ ಕೊಳೆ ನೀರು.

ಇದನ್ನು ವರ್ಷಕ್ಕೊಮ್ಮೆಗೆ ಇಳಿಸಬಹುದು. ನೀರಿಗೆ ಕೂಲಂಟ್ ಎಷ್ಟು ಬೆರೆತಿದೆ ಅಂತ ತೋರಿಸುವ ಒಂದು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ದಿನಾ ಬೆಳಿಗ್ಗೆ ಒಂದು ಹನಿ ಹಾಕಿ ನೋಡಿ. ಸಾಮಾನ್ಯ ಟರ್ನಿಂಗ್‌ಗೆ 5ರಿಂದ 8 ಪರ್ಸೆಂಟ್ ಇರಬೇಕು. ಕೂಲಂಟ್ ಡಬ್ಬದ ಮೇಲೆ ಕೊಟ್ಟಿರುವ ಫ್ಯಾಕ್ಟರ್‌ನಿಂದ ರೀಡಿಂಗನ್ನು ಗುಣಿಸುವುದು ಮರೆಯಬೇಡಿ, ತುಂಬ ಜನ ಮರೆಯುತ್ತಾರೆ. ಪಿಎಚ್ ಒಂಬತ್ತರ ಆಸುಪಾಸು ಇರಲಿ. ಮೇಲೆ ತೇಲುವ ಎಣ್ಣೆ ತೆಗೆಯಲು ಬೆಲ್ಟ್ ಸ್ಕಿಮ್ಮರ್ ಹಾಕಿ. ಶನಿವಾರ ಸಂಜೆ ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಗಾಳಿ ಪಂಪನ್ನು ಟ್ಯಾಂಕಿಗೆ ಇಳಿಬಿಟ್ಟು ಹೋಗಿ. ನಗಬೇಡಿ, ಸೋಮವಾರದ ವಾಸನೆಗೆ ನಾನು ನೋಡಿದ ಅಗ್ಗದ ಮದ್ದು ಇದೇ. ಚಹಾ ಕುಡಿದು ಉಳಿದದ್ದನ್ನು ಟ್ಯಾಂಕಿಗೆ ಸುರಿಯುವ ಹುಡುಗರಿಗೂ ಒಂದು ಮಾತು ಹೇಳಿ.

ಬಳಸಿದ ಎಣ್ಣೆ, ಎಣ್ಣೆ ಸೇರಿದ ಕೊಳೆ ಇವು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಬಿಡುವ ಹಾಗಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. 90 ದಿನಕ್ಕಿಂತ ಜಾಸ್ತಿ ಕೂಡಿಡಬಾರದು. ಕಳಿಸುವಾಗ ಫಾರ್ಮ್ 10, ವರ್ಷದ ಲೆಕ್ಕಕ್ಕೆ ಫಾರ್ಮ್ 4, ಅದನ್ನು ಜೂನ್ 30ರೊಳಗೆ. ಈ ಕಾಗದಗಳೇ ನಿಮ್ಮ ಶೀಟಿನ ತ್ಯಾಜ್ಯದ ಕಾಲಂಗೂ ಆಧಾರ.

ಪ್ಲೇಟಿಂಗ್ ನಮ್ಮ ಗೇಟಿನ ಹೊರಗೆ ಆಗುತ್ತದೆ, ಆದರೆ ಲೆಕ್ಕ ನಮ್ಮದೇ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿಕೊಂಡಿರುವ ವಿಷಯ ಹೊಸದಲ್ಲ. ಅದು ಕ್ಯಾನ್ಸರ್ ತರುವ ವಿಷ. ಜಿಂಕ್ ಮೇಲಿನ ಹಳದಿ ಪ್ಯಾಸಿವೇಷನ್‌ಗೆ (ಜಿಂಕ್ ಕಾಪಾಡುವ ತೆಳು ಪದರಕ್ಕೆ) ಹಿಂದಿನಿಂದ ಬಳಸುತ್ತಿದ್ದದ್ದು ಇದನ್ನೇ. ಈಗ ಅದರ ಬದಲು ಅಷ್ಟು ವಿಷವಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಸಿಗುತ್ತದೆ. ಪರ್ಚೇಸ್ ಆರ್ಡರ್‌ನಲ್ಲಿ "ಟ್ರೈವೇಲೆಂಟ್ ಮಾತ್ರ" ಅಂತ ಬರೆಯಿರಿ. ಬರೀ ಬಾಯಲ್ಲಿ ಹೇಳಿದರೆ ಆಗದು. ಒಮ್ಮೆ ಪ್ಲೇಟಿಂಗ್ ಶಾಪ್‌ಗೆ ಹೋಗಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿ ಬನ್ನಿ.

ಅಲ್ಲೇ ನಿಂತು ಇನ್ನೊಂದು ವಿಷಯ ಗಮನಿಸಿ. ನಿಮ್ಮ ಪೀಸನ್ನು ಕೊಕ್ಕೆಗೆ ಹೇಗೆ ನೇತುಹಾಕುತ್ತಾರೆ? ತೂತು ಮೇಲ್ಮುಖವಾಗಿದ್ದರೆ ಪ್ರತಿ ಪೀಸೂ ಒಂದು ಲೋಟದ ಹಾಗೆ ಟ್ಯಾಂಕಿನ ದ್ರಾವಣ ಹೊತ್ತು ತೊಳೆಯುವ ನೀರಿಗೆ ಸುರಿಯುತ್ತದೆ. ತೂತು ಕೆಳಗೆ ಮಾಡಿ, ಟ್ಯಾಂಕಿನ ಮೇಲೇ ಒಂದಿಷ್ಟು ಹೊತ್ತು ಹನಿ ಬೀಳಲು ಬಿಟ್ಟರೆ ರಾಸಾಯನಿಕ ಅವರಿಗೇ ಉಳಿಯುತ್ತದೆ. ಇದಕ್ಕೆ ಯಾವ ಮೆಷಿನ್ನೂ ಬೇಡ.

ಗುಜರಿಯಲ್ಲಿ ಮೋಸ ಹೋಗಬೇಡಿ, ಮೋಸ ಮಾಡಲೂ ಬೇಡಿ

ಕಡೆದಾಗ ಬೀಳುವ ಲೋಹದ ಚೂರು, ಅಂದರೆ ಚಿಪ್ಸನ್ನು, ಗ್ರೇಡ್ ಪ್ರಕಾರ ಬೇರೆ ಬೇರೆ ಡ್ರಮ್ಮಿಗೆ ಹಾಕಿ. ಉಕ್ಕಿನಲ್ಲಿ ಹಿತ್ತಾಳೆ ಬೆರೆತರೆ ರೇಟು ಬೀಳುತ್ತದೆ. ಅದಕ್ಕಿಂತ ಮುಖ್ಯ, ಉಕ್ಕು ಕರಗಿಸುವಾಗ ಹಿತ್ತಾಳೆಯಿಂದ ಅದರೊಳಗೆ ಸೇರಿದ ತಾಮ್ರವನ್ನು ಮತ್ತೆ ಬೇರೆ ಮಾಡಲು ಆಗುವುದಿಲ್ಲ. ಪ್ರತಿ ಸುತ್ತಿಗೂ ಉಕ್ಕು ಕೆಡುತ್ತಾ ಹೋಗುತ್ತದೆ. ಡ್ರಮ್ಮಿನ ಕೆಳಗೆ ಜಾಲರಿ, ಟ್ರೇ ಇಟ್ಟು ಒಂದು ರಾತ್ರಿ ಬಿಡಿ. ಸೋರಿದ ಕೂಲಂಟ್ ಸೋಸಿ ವಾಪಸ್ ಬಳಸಬಹುದು.

ಈಗ ಆಸೆ ಹುಟ್ಟುವ ಜಾಗ. "ನನ್ನ 0.9 ಕಿಲೋ ಚಿಪ್ಸ್ ಮತ್ತೆ ಉಕ್ಕಾಗುತ್ತೆ, ಹಾಗಾದ್ರೆ ಅಷ್ಟನ್ನು ಮೈನಸ್ ಮಾಡಬಹುದಲ್ವಾ?" ಅಂತ. ಬೇಡ. ಆ ಚಿಪ್ಸ್ ಕರಗಿಸಿದ ಮಿಲ್ಲಿನವರು ನಮ್ಮದು ಗುಜರಿಯ ಉಕ್ಕು, ಕಾರ್ಬನ್ ಕಮ್ಮಿ ಅಂತ ಆಗಲೇ ಲೆಕ್ಕ ತೋರಿಸಿರುತ್ತಾರೆ. ಒಂದೇ ಉಳಿತಾಯವನ್ನು ಇಬ್ಬರು ಬರೆದುಕೊಂಡ ಹಾಗಾಗುತ್ತದೆ. ಚಿಪ್ಸ್‌ಗೆ ಸೊನ್ನೆ ಹಾಕಿ, ಸೊನ್ನೆ ಹಾಕಿದ್ದೇವೆ ಅಂತ ಕೆಳಗೆ ಒಂದು ಸಾಲು ಬರೆಯಿರಿ.

ಶೀಟ್ ಕಳಿಸುವ ಮೊದಲು

ಯುರೋಪಿಗೆ ಹೋಗುವ ಮಾಲಾದರೆ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಮಾಲು ಗುರುತಿಸುವ ಸಂಖ್ಯೆ, ನೋಡಿ. ಉಕ್ಕು, ಅಲ್ಯೂಮಿನಿಯಂ ವಿಷಯದಲ್ಲಿ ಸಿಬಿಎಎಮ್‌ಗೆ ಬರುವುದು ಹೆಚ್ಚಾಗಿ 72, 73, 76ನೇ ಅಧ್ಯಾಯದ ಮಾಲು. ನನ್ನ ಪೈಪ್ ಫ್ಲ್ಯಾಂಜ್ 7307, ಆದ್ದರಿಂದ ಸಿಕ್ಕಿಹಾಕಿಕೊಂಡಿತು. ಅಲ್ಲಿನ ಆಮದುದಾರ ಇಂಥ ಮಾಲನ್ನು ವರ್ಷಕ್ಕೆ ಒಟ್ಟು 50 ಟನ್‌ಗಿಂತ ಕಮ್ಮಿ ತರಿಸಿದರೆ ವಿನಾಯಿತಿ ಇದೆ. ಗಿರಾಕಿಗೆ ಮೊದಲೇ ಇದನ್ನು ಕೇಳಿಬಿಡಿ, ಅರ್ಧ ತಲೆನೋವು ಹೋಗಬಹುದು. ಸಿಬಿಎಎಮ್‌ಗೆ ಅದರದೇ ಲೆಕ್ಕದ ವಿಧಾನ ಇದೆ. ಅದಿರಿನಿಂದ ಗುಜರಿ ತನಕದ ಅಂಕಿಯನ್ನು ಹಾಗೇ ಅಲ್ಲಿ ತುಂಬಬೇಡಿ.

ಪ್ರತಿ ಅಂಕಿಯ ಪಕ್ಕದಲ್ಲಿ ಅಳೆದದ್ದೋ, ಬಿಲ್‌ನಿಂದ ತೆಗೆದದ್ದೋ, ಅಂದಾಜೋ ಅಂತ ಒಂದು ಪದ ಬರೆಯಿರಿ. 0.73, 2.5 ಇವೆಲ್ಲ ಯಾವ ವರ್ಷದ ಅಂಕಿ ಅಂತಲೂ ಬರೆಯಿರಿ. ಗ್ರಿಡ್ ಅಂಕಿ ಬದಲಾದರೆ ನೀವು ಏನೂ ಮಾಡದೆ ನಿಮ್ಮ ಕಾರ್ಬನ್ ಏರಬಹುದು, ಇಳಿಯಬಹುದು. ದಶಾಂಶದ ಮುಂದೆ ಮೂರು ಅಂಕಿ ಬರೆದು ಶೋಕಿ ಮಾಡಬೇಡಿ. 6.1 ಸಾಕು. ಆರು ತಿಂಗಳಿಗೊಮ್ಮೆ ಅದೇ ಪಾರ್ಟ್‌ಗೆ ಮತ್ತೆ ಲೆಕ್ಕ ಹಾಕಿ, ಆಮೇಲೆ ಎರಡನೇ ಪಾರ್ಟ್ ಹಿಡಿಯಿರಿ.

ಎರಡನೇ ಸಲ ನಾನು ಕಳಿಸಿದ ಶೀಟಿನಲ್ಲಿ 5.8 ಇತ್ತು. ವಾರದೊಳಗೆ ಗಿರಾಕಿಯ ಮೇಲ್ ಬಂತು: ನಾಲ್ಕೈದು ಪರ್ಸೆಂಟ್ ಹೇಗೆ ಇಳಿಯಿತು, ದಾಖಲೆ ಕಳಿಸಿ ಅಂತ. ಬ್ಯಾಂಡ್‌ಸಾ ಬ್ಲೇಡಿನ ಬಿಲ್ ಅಟ್ಯಾಚ್ ಮಾಡಿ ಕಳಿಸಿದೆ.